ಕೊರಳಿಗೋ ಜೇಬಿಗೋ: ಚಿಲಮತ್ತೂರು ಸೀಮೆಯ ಕ್ಯಾಮೆರಾ ಶಾಸ್ತ್ರ

ಹಳೇ ಡಿಎಸ್‌ಎಲ್‌ಆರ್ ಒಂದು ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿದೆ, ಹೆಚ್ಚುಕಮ್ಮಿ ಅದೇ ದುಡ್ಡಿಗೆ ಜೇಬಿನಲ್ಲಿ ಹಿಡಿಯುವ ಪುಟ್ಟ ಡಿಜಿಟಲ್ ಕ್ಯಾಮೆರಾವೂ ಸಿಗುತ್ತಿದೆ, ಯಾವುದು ತಗೊಳ್ಳಲಿ ಎಂದು ಚಿಲಮತ್ತೂರು, ಲೇಪಾಕ್ಷಿ, ಗೋರಂಟ್ಲ, ಹಿಂದೂಪುರ, ಗಡಿಯಾಚೆ ಬಾಗೇಪಲ್ಲಿಯವರೆಗಿನ ಜನ ನನ್ನನ್ನು ಕೇಳುತ್ತಲೇ ಇರುತ್ತಾರೆ. ಕೇಳದವರಿಗೂ ನಾನು ಹೇಳಿದ್ದೇನೆ. ಈ ವಿಷಯದಲ್ಲಿ ನನ್ನ ಅರ್ಹತೆಯನ್ನು ಯಾರೂ ಪ್ರಶ್ನಿಸುವಂತಿಲ್ಲ: ನನ್ನ ಬಳಿ ಎರಡೂ ಇಲ್ಲ. ಒಂದನ್ನು ಇಟ್ಟುಕೊಂಡವನು ಅದರ ಪರವಾಗಿ ಮಾತಾಡುತ್ತಾನೆ. ಎರಡನ್ನೂ ಇಟ್ಟುಕೊಂಡವನು ಫೋಟೊ ತೆಗೆಯಲು ಹೊರಟುಬಿಡುತ್ತಾನೆ, ಸಲಹೆ ಕೊಡಲು ಕೈಗೆ ಸಿಗುವುದಿಲ್ಲ. ಕೊಡಿಕೊಂಡ ಚೆಕ್‌ಪೋಸ್ಟಿನ ಕಡೆ ಹೆದ್ದಾರಿ ಪಕ್ಕದ ಬೆಂಚಿನ ಮೇಲೆ ಯಾವಾಗ ಹುಡುಕಿದರೂ ಸಿಗುವ ತಜ್ಞ ನಾನೊಬ್ಬನೇ.

ಮೊದಲೇ ಒಂದು ಷರತ್ತು. ಮೊಬೈಲ್ ಫೋನು ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ. ಅದರ ಮಾತೆತ್ತಿದರೆ ಚರ್ಚೆ ಮುಗಿದುಹೋಗುತ್ತದೆ, ಮುಗಿದುಹೋಗುವ ಚರ್ಚೆಗೆ ತಜ್ಞರ ಅಗತ್ಯ ಬೀಳುವುದಿಲ್ಲ. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿನ ಪೇಟೆಗೆ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾ ರವಾನೆಯಾಗಿದ್ದವು. 2023ರಲ್ಲಿ ಅದು 77 ಲಕ್ಷದ ಆಸುಪಾಸು. ಕ್ಯಾನನ್, ನಿಕಾನ್ ಎರಡೂ ಕಂಪನಿಗಳು 2020ರ ಈಚೆಗೆ ಹೊಸ ಡಿಎಸ್‌ಎಲ್‌ಆರ್ ಮಾದರಿಯನ್ನೇ ಬಿಟ್ಟಿಲ್ಲ. ಇಷ್ಟು ಕೋಟಿ ಜನ ಕ್ಯಾಮೆರಾ ಕೆಳಗಿಟ್ಟು ಎಲ್ಲಿಗೆ ಹೋದರೆಂದು ನಾನು ಮೊಬೈಲಿನಲ್ಲಿ ಹುಡುಕುತ್ತಲೇ ಇದ್ದೇನೆ. ಇನ್ನೂ ಉತ್ತರ ಸಿಕ್ಕಿಲ್ಲ.

ಈಗ ಶಾಸ್ತ್ರಕ್ಕೆ ಬರೋಣ. ಇದರ ಮೂಲಸೂತ್ರ: ಕ್ಯಾಮೆರಾದಿಂದ ಬರುವ ಗೌರವ ಅದರ ತೂಕಕ್ಕೆ ನೇರ ಅನುಪಾತದಲ್ಲಿರುತ್ತದೆ. 2008ರ ನಿಕಾನ್ ಡಿ90 ಬ್ಯಾಟರಿ ಸಮೇತ ಸುಮಾರು 700 ಗ್ರಾಂ. ಅದರ ಮೂತಿಗೆ ಲೆನ್ಸು ಸಿಕ್ಕಿಸಿದರೆ ಕಿಲೋ ಹತ್ತಿರ ಬರುತ್ತದೆ. 2015ರ ಕ್ಯಾನನ್ ಇಕ್ಸಸ್ 160 ಎಂಬ ಜೇಬಿನ ಕ್ಯಾಮೆರಾ ಬ್ಯಾಟರಿ, ಕಾರ್ಡು ಸೇರಿ 127 ಗ್ರಾಂ, ಅಂದರೆ ಮದುವೆ ಮನೆಯಲ್ಲಿ ಕೊಡುವ ತೆಂಗಿನಕಾಯಿಯ ತೂಕವೂ ಇಲ್ಲ. 1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯಲ್ಲಿ ಸ್ಟೀವ್ ಸ್ಯಾಸನ್ ಎಂಬ ಇಂಜಿನಿಯರು ಜೋಡಿಸಿದ ಮೊಟ್ಟಮೊದಲ ಡಿಜಿಟಲ್ ಕ್ಯಾಮೆರಾ ಮೂರೂವರೆ ಕಿಲೋ ಮೀರಿ ತೂಗುತ್ತಿತ್ತು. 0.01 ಮೆಗಾಪಿಕ್ಸೆಲ್ಲಿನ ಒಂದು ಕಪ್ಪುಬಿಳುಪು ಚಿತ್ರವನ್ನು ಕ್ಯಾಸೆಟ್ಟಿಗೆ ತುಂಬಲು 23 ಸೆಕೆಂಡು ಹಿಡಿಯುತ್ತಿತ್ತು. ಚಿತ್ರ ಏನೇ ಇರಲಿ, ಅದನ್ನು ಹೊತ್ತು ನಮ್ಮ ಕಡೆಯ ಮದುವೆಗೆ ಬಂದಿದ್ದರೆ ಸ್ಯಾಸನ್ನರನ್ನು ಮೊದಲ ಪಂಕ್ತಿಯಲ್ಲೇ ಕೂರಿಸುತ್ತಿದ್ದರು.

ಮದುವೆಯಲ್ಲಿ ಸೂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕಾದರೆ ಮುಹೂರ್ತದ ಹೊತ್ತಿಗೆ ಮಂಟಪದ ಪಕ್ಕ ನಿಲ್ಲಬೇಕು. ಕೊರಳಲ್ಲಿ ಡಿಎಸ್‌ಎಲ್‌ಆರ್ ಇದ್ದವನು ಒಂದು ಕೈ ಎತ್ತಿದರೆ ಪುರೋಹಿತರು ಮಂತ್ರ ನಿಲ್ಲಿಸುತ್ತಾರೆ. “ಸಾರ್, ಇನ್ನೊಂದ್ಸಲ ಕಟ್ಟಿ, ಹಂಗೇ ಇರಿ, ಈ ಕಡೆ ನೋಡಿ” ಎಂದರೆ ಮದುಮಗ ತಾಳಿಯ ಗಂಟು ಬಿಚ್ಚಿ ಮತ್ತೆ ಕಟ್ಟುತ್ತಾನೆ. ಪಂಚಾಂಗ ನೋಡಿ ತಿಂಗಳ ಹಿಂದೆ ಗೊತ್ತುಮಾಡಿದ ಗಳಿಗೆ ದಾಟಿಹೋದರೂ ಯಾರೂ ಚಕಾರ ಎತ್ತುವುದಿಲ್ಲ. ಅದೇ ಜಾಗದಲ್ಲಿ ಜೇಬಿನ ಕ್ಯಾಮೆರಾ ಹಿಡಿದು ನಿಂತವನಿಗೆ ಸ್ವಂತ ಸೋದರತ್ತೆಯೇ, “ಲೋ ಪಕ್ಕಕ್ಕೆ ಸರಿಯೋ, ಫೋಟೊದವರಿಗೆ ಅಡ್ಡ ಬರ್ತಿದೀಯ” ಎನ್ನುತ್ತಾಳೆ. ಅವನ ಕೈಯಲ್ಲಿರುವುದೂ ಫೋಟೊ ತೆಗೆಯುವ ಸಾಧನವೇ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ.

ಸರ್ಕಾರದ ಮಟ್ಟದಲ್ಲೂ ಫಲಿತಾಂಶ ಇದೇ. ಹಳ್ಳ ಬಿದ್ದ ರಸ್ತೆಯ ಮುಂದೆ ನಿಂತು ಡಿಎಸ್‌ಎಲ್‌ಆರ್ ಎತ್ತಿ ಹಿಡಿದರೆ ಹತ್ತಿರದ ಕಚೇರಿಯಿಂದ ಯಾರಾದರೊಬ್ಬರು ಬಂದು, “ಯಾವ ಪೇಪರ್ ಸಾರ್ ನಿಮ್ದು? ಟೀ ತಗೋತೀರಾ?” ಎಂದು ವಿಚಾರಿಸುತ್ತಾರೆ. ಕ್ಯಾಮೆರಾದೊಳಗೆ ಬ್ಯಾಟರಿ ಇರಬೇಕೆಂಬ ಕಡ್ಡಾಯವೂ ಇಲ್ಲ. ಅದೇ ಹಳ್ಳವನ್ನು ಜೇಬಿನ ಕ್ಯಾಮೆರಾದಲ್ಲಿ ಎಷ್ಟು ಸ್ಪಷ್ಟವಾಗಿ ತೆಗೆದರೂ ಹಳ್ಳ ಹಾಗೇ ಇರುತ್ತದೆ. ಗ್ರಾಮಾಭಿವೃದ್ಧಿಯ ದೃಷ್ಟಿಯಿಂದ ಪ್ರತಿ ಪಂಚಾಯ್ತಿಗೂ ಕೆಟ್ಟುಹೋದ ಡಿಎಸ್‌ಎಲ್‌ಆರ್ ಒಂದನ್ನು ಮಂಜೂರು ಮಾಡಬೇಕೆಂಬುದು ನನ್ನ ಹಳೆಯ ಬೇಡಿಕೆ.

ಕೆಲವು ಓದುಗರು ಚಿತ್ರದ ಗುಣಮಟ್ಟದ ಬಗ್ಗೆಯೂ ಕೇಳುತ್ತಾರೆ. ಅವರ ಸಂಖ್ಯೆ ಕಡಿಮೆ, ಆದರೂ ಉತ್ತರಿಸುವುದು ತಜ್ಞನ ಕರ್ತವ್ಯ. ಬೆಳಕು ಹಿಡಿಯುವ ಸೆನ್ಸರ್ ಎಂಬ ತುಂಡು ಡಿ90ಯಲ್ಲಿ 23.6 ಮಿಲಿಮೀಟರ್ ಅಗಲ, 15.8 ಎತ್ತರ. ಸಾಮಾನ್ಯ ಜೇಬಿನ ಕ್ಯಾಮೆರಾದಲ್ಲಿ 6.2 ಅಗಲ, 4.6 ಎತ್ತರದಷ್ಟು. ವಿಸ್ತೀರ್ಣ ಲೆಕ್ಕ ಹಾಕಿದರೆ ಹದಿಮೂರು ಪಟ್ಟು ವ್ಯತ್ಯಾಸ. ವಿಚಿತ್ರವೆಂದರೆ ದೊಡ್ಡ ತುಂಡಿನ ಡಿ90ಗೆ 12 ಮೆಗಾಪಿಕ್ಸೆಲ್, ಚಿಕ್ಕ ತುಂಡಿನ ಇಕ್ಸಸ್‌ಗೆ 20 ಮೆಗಾಪಿಕ್ಸೆಲ್. ಒಂದು ಎಕರೆಯವನಿಗೆ ಮಕ್ಕಳು ಜಾಸ್ತಿ ಎಂದು ಹಿರಿಯರು ಹೇಳುತ್ತಿದ್ದುದು ಈ ವಿಷಯದಲ್ಲೇ ಇರಬೇಕು. ಬಿಸಿಲಲ್ಲಿ ಇದರಿಂದ ತೊಂದರೆಯಿಲ್ಲ, ನಮ್ಮಲ್ಲಿ ಬಿಸಿಲಿಗೆ ಬರವೂ ಇಲ್ಲ. ತೊಂದರೆ ಶುರುವಾಗುವುದು ಲೇಪಾಕ್ಷಿಯ ವೀರಭದ್ರ ದೇವಸ್ಥಾನದ ಒಳಗೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, 16ನೇ ಶತಮಾನದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಸೋದರರು ಕಟ್ಟಿಸಿದ ಗುಡಿ ಅದು. ಚಾವಣಿಯ ತುಂಬ ಬಣ್ಣದ ಚಿತ್ರಗಳು, ಕೆಳಗೆ ಅರೆಗತ್ತಲು. ಫ್ಲ್ಯಾಶ್ ಹೊಡೆಯುವುದು ಆ ಬಣ್ಣಗಳಿಗೆ ಒಳ್ಳೆಯದಲ್ಲ, ಟ್ರೈಪಾಡ್ ಊರಲು ಪುರಾತತ್ವ ಇಲಾಖೆಯ ಅನುಮತಿ ಬೇಕು. ಆ ಬೆಳಕಿನಲ್ಲಿ ಹಳೇ ಡಿಎಸ್‌ಎಲ್‌ಆರ್, ಬೆಳಕಿನ ಸೂಕ್ಷ್ಮತೆಯನ್ನು ಐಎಸ್‌ಒ 1600ಕ್ಕೆ ಏರಿಸಿದರೂ, ಗೆರೆ, ಬಣ್ಣ, ಸೀರೆಯ ಅಂಚು ಕಾಣುವ ಹಾಗೆ ತೆಗೆಯುತ್ತದೆ. ಜೇಬಿನದು ತೆಗೆದರೆ ವೀರಭದ್ರನ ಮುಖಕ್ಕೆ ಯಾರೋ ಒಂದು ಹಿಡಿ ರಾಗಿಹಿಟ್ಟು ಎರಚಿದ ಹಾಗಿರುತ್ತದೆ.

ಆದ್ದರಿಂದ ಡಿಎಸ್‌ಎಲ್‌ಆರ್ ಕೊಳ್ಳಿ ಎಂದು ಅವಸರದ ತಜ್ಞರು ಹೇಳಿಬಿಡುತ್ತಾರೆ. ಅವರು ಲೇಪಾಕ್ಷಿಯಲ್ಲಿ ಅರ್ಧ ಗಂಟೆ ನಿಂತು ನೋಡಿದವರಲ್ಲ. ಅಲ್ಲಿಗೆ ಬರುವವರಲ್ಲಿ ಕತ್ತೆತ್ತಿ ಚಾವಣಿ ನೋಡುವವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ನಾಟ್ಯಮಂಟಪದ ತೂಗುಕಂಬದ ಬುಡದಲ್ಲಿರುತ್ತಾರೆ. ನೆಲಕ್ಕೆ ಪೂರ್ತಿ ತಾಗದ ಆ ಕಂಬದ ಕೆಳಗೆ ಟವೆಲ್ಲೋ ದುಪ್ಪಟ್ಟಾವೋ ತೂರಿಸಿ, ಆ ಕಡೆಯಿಂದ ಒಬ್ಬರು ಈ ಕಡೆಯಿಂದ ಒಬ್ಬರು ಎಳೆದು, ಮೂರನೆಯವರು ಫೋಟೊ ತೆಗೆಯುವುದು ಪದ್ಧತಿ. ಟವೆಲ್ಲು ನೆಲದ ಮಟ್ಟದಲ್ಲಿರುವುದರಿಂದ ಕ್ಯಾಮೆರಾವೂ ನೆಲಕ್ಕೆ ಬರಬೇಕು. ಜೇಬಿನದನ್ನು ಕಲ್ಲಿನ ಮೇಲೆ ಹಾಗೇ ಇಟ್ಟು ಗುಂಡಿ ಒತ್ತಬಹುದು. ಡಿಎಸ್‌ಎಲ್‌ಆರ್‌ನವನು ಕಿಂಡಿಗೆ ಕಣ್ಣಿಟ್ಟೇ ತೆಗೆಯುತ್ತೇನೆಂದು ಸಾಷ್ಟಾಂಗ ಮಲಗುತ್ತಾನೆ. ಹಿಂದೆ ಬಂದ ಭಕ್ತರು ಇದೂ ಒಂದು ಸೇವೆ ಇರಬೇಕೆಂದು ಅವನನ್ನು ದಾಟದೆ ಸುತ್ತಿ ಹೋಗುತ್ತಾರೆ. ಎದ್ದು ಅಂಗಿಯ ಧೂಳು ಕೊಡವುವಷ್ಟರಲ್ಲಿ ಗುರುತು ಪರಿಚಯವಿಲ್ಲದ ಒಂದು ಸಂಸಾರ ಎದುರಿಗೆ ಸಾಲಾಗಿ ನಿಂತಿರುತ್ತದೆ: “ಅಣ್ಣಾ, ನಮ್ದೂ ಒಂದು ತೆಗೀರಿ. ನಂಬರ್ ಹೇಳ್ತೀನಿ, ವಾಟ್ಸಾಪ್ ಮಾಡಿಬಿಡಿ.” ಡಿಎಸ್‌ಎಲ್‌ಆರ್ ಕೊಂಡವನ ಕಾರ್ಡಿನಲ್ಲಿ ಅವನ ಹೆಂಡತಿ ಮಕ್ಕಳಿಗಿಂತ ಊರವರ ಹೆಂಡತಿ ಮಕ್ಕಳೇ ಜಾಸ್ತಿ ಇರುವುದಕ್ಕೆ ಇದು ಕಾರಣ. ಇದರಿಂದ ಮನೆಯಲ್ಲಿ ಎದುರಾಗುವ ಪ್ರಶ್ನೆಗಳಿಗೆ ಕಂಪನಿಯ ಕೈಪಿಡಿಯಲ್ಲಿ ಉತ್ತರವಿಲ್ಲ.

ವಾಟ್ಸಾಪ್ ಎಂದ ಮೇಲೆ ಇನ್ನೊಂದು ಲೆಕ್ಕ. ಮಾಮೂಲಿಯಾಗಿ ಕಳಿಸಿದ ಫೋಟೊವನ್ನು ವಾಟ್ಸಾಪ್ ಉದ್ದದ ಕಡೆ ಸುಮಾರು 1600 ಚುಕ್ಕೆಗೆ ಇಳಿಸಿಬಿಡುತ್ತದೆ. ಅಲ್ಲಿಗೆ ಉಳಿಯುವುದು ಹೆಚ್ಚೆಂದರೆ 2 ಮೆಗಾಪಿಕ್ಸೆಲ್. 12ರದ್ದೂ ಅಷ್ಟೇ, 20ರದ್ದೂ ಅಷ್ಟೇ. ಆಲ್ಬಮ್ಮಿಗೆ ಅಂಟಿಸುವ 6 ಇಂಚು ಅಗಲ 4 ಇಂಚು ಎತ್ತರದ ಪ್ರಿಂಟಿಗೂ 2 ಮೆಗಾಪಿಕ್ಸೆಲ್ ಧಾರಾಳ ಸಾಕು. ಒಬ್ಬ ಮನುಷ್ಯನ ಜೀವಮಾನದಲ್ಲಿ ಅತಿ ಹೆಚ್ಚು ಕೌಂಟರುಗಳಲ್ಲಿ ಅತಿ ಹೆಚ್ಚು ಅಧಿಕಾರಿಗಳು ಕಣ್ಣಿಟ್ಟು ನೋಡುವ ಚಿತ್ರವೆಂದರೆ ಪಾಸ್‌ಪೋರ್ಟ್ ಅಳತೆಯ ಫೋಟೊ. 35 ಮಿಲಿಮೀಟರ್ ಅಗಲ, 45 ಎತ್ತರ, ಇಂಚಿಗೆ 300 ಚುಕ್ಕೆಯಂತೆ ಅದಕ್ಕೆ ಬೇಕಾಗುವುದು ಬರೀ 0.22 ಮೆಗಾಪಿಕ್ಸೆಲ್. ಈ ಸತ್ಯ ಹೊರಗೆ ಗೊತ್ತಾದರೆ ಪೇಟೆ ಏನಾಗಬಹುದೆಂದು ಯೋಚಿಸಿ ನಾನು ಇಷ್ಟು ವರ್ಷ ಸುಮ್ಮನಿದ್ದೆ. ಹಿಂದೂಪುರದ ವೃತ್ತಗಳಲ್ಲಿ ಹುಟ್ಟುಹಬ್ಬಕ್ಕೆ ಏಳುವ ಆಳೆತ್ತರದ ಫ್ಲೆಕ್ಸುಗಳೂ ಬಹುಪಾಲು ವಾಟ್ಸಾಪಿನಿಂದಲೇ ಇಳಿದು ಬಂದಂಥವು. ರಸ್ತೆಯ ಈ ಬದಿಯಿಂದ ನೋಡಿದರೆ ನಾಯಕರು ಸರಿಯಾಗೇ ಕಾಣುತ್ತಾರೆ. ಹತ್ತಿರ ಹೋಗಬಾರದು, ಅಷ್ಟೇ.

ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಪರೀಕ್ಷೆಯ ವಿಧಾನವನ್ನು ಮಾತ್ರ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಮಾತು ಒಂದು, ವಸ್ತು ಇನ್ನೊಂದು. ಮಾರುವವರು, “ಮನೇಲೇ ಇಟ್ಟಿದ್ವಿ ಸಾಮಿ, ತಂಗಿ ಮದುವೆಗೆ ಒಂದ್ಸಲ ತೆಗ್ದಿದ್ದು” ಎನ್ನುತ್ತಾರೆ. ನೀವು ಮಾತಾಡಬೇಡಿ. ಕ್ಯಾಮೆರಾದ ನೆತ್ತಿಯ ಮೇಲೆ ಫ್ಲ್ಯಾಶ್ ಕೂರಿಸುವ ಲೋಹದ ತಟ್ಟೆ ನೋಡಿ. ಅದರ ಕಪ್ಪು ಬಣ್ಣ ಸವೆದು ಬೆಳ್ಳಗಾಗಿದ್ದರೆ ತಂಗಿಯರು ಬಹಳ ಇದ್ದಾರೆ ಎಂದರ್ಥ. ಹೆಬ್ಬೆರಳು ಕೂರುವ ಜಾಗದ ರಬ್ಬರು ಉಬ್ಬಿ ಎದ್ದು, ಯಾರೋ ಗೋಂದು ಹಾಕಿ ಮತ್ತೆ ಅಂಟಿಸಿದ್ದರೆ ತಂಗಿಯರ ಜೊತೆ ನಾದಿನಿಯರೂ ಸೇರಿದ್ದಾರೆ. ಡಿ90ಯ ಶಟರನ್ನು 1 ಲಕ್ಷ ಬಾರಿ ಬಡಿಯುವ ಲೆಕ್ಕದಲ್ಲಿ ಪರೀಕ್ಷಿಸಿ ಕಳಿಸಿದ್ದಾರೆ. ಎಷ್ಟು ಬಡಿದಿದೆ ಎಂಬುದು ಅದು ತೆಗೆದ ಫೋಟೊ ಫೈಲಿನೊಳಗೇ ಬರೆದಿರುತ್ತದೆ, ಆದ್ದರಿಂದ ಒಂದು ಫೋಟೊ ತೆಗೆದು ಮನೆಗೆ ತಂದು ನೋಡಿ. ಮುಂದಿನದು ಲೆನ್ಸು. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಇಣುಕಿದಾಗ ಒಳಗೆ ಜೇಡನ ಬಲೆಯಂಥ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆ, ಆ ಲೆನ್ಸು ಮಲೆನಾಡಿನಿಂದಲೋ ಮಂಗಳೂರು ಕಡೆಯಿಂದಲೋ ಬಂದಿರುವ ಸಂಭವ ಹೆಚ್ಚು. ನಮ್ಮ ಸೀಮೆಯ ಲೆನ್ಸಿಗೆ ಆ ಕಾಯಿಲೆ ಅಪರೂಪ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸು ಮಳೆ ಕಾಣುವ ಹಳೇ ಅನಂತಪುರ ಜಿಲ್ಲೆ ಇದು. ಬೂಷ್ಟು ಬರುವಷ್ಟು ತೇವ ಇದ್ದಿದ್ದರೆ ಮೊದಲು ಕಡಲೆಕಾಯಿ ಬೆಳೆ ಕೈಗೆ ಬರುತ್ತಿತ್ತು, ಬೂಷ್ಟು ಆಮೇಲೆ.

ಇಲ್ಲಿಯ ಕಾಯಿಲೆ ಧೂಳು. ಅದು ಎರಡೂ ಜಾತಿಯ ಕ್ಯಾಮೆರಾಗಳನ್ನು ಸಮಾನವಾಗಿ ಕಾಣುತ್ತದೆ, ಬೇರೆ ಬೇರೆ ರೀತಿಯಲ್ಲಿ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಬದಲಾಯಿಸುವಾಗ ಸೆನ್ಸರಿನ ಮೇಲೆ ಕೂತು, ಲೆನ್ಸಿನ ಕಿಂಡಿಯನ್ನು ಎಫ್16ಕ್ಕೆ ಕಿರಿದುಮಾಡಿ ತೆಗೆದ ನೀಲಿ ಆಕಾಶದಲ್ಲಿ ಕಪ್ಪು ಚುಕ್ಕೆಗಳಾಗಿ ಮೂಡುತ್ತದೆ. ಜೇಬಿನದರಲ್ಲಿ ಒಂದೇ ಒಂದು ಮರಳಿನ ಕಾಳು, ಒಳಗೂ ಹೊರಗೂ ಓಡಾಡುವ ಲೆನ್ಸಿನ ಕೊಳವೆಗೆ ಸಿಕ್ಕಿಕೊಂಡರೆ ಮುಗಿಯಿತು. ಮೂತಿ ಅರ್ಧ ಹೊರಗೆ ಬಂದು ನಿಂತು, ಲೆನ್ಸ್ ಎರರ್, ಆಫ್ ಮಾಡಿ ಆನ್ ಮಾಡಿ ಎಂದು ಪರದೆಯ ಮೇಲೆ ಬರೆದು ತನ್ನಷ್ಟಕ್ಕೆ ಮಲಗಿಬಿಡುತ್ತದೆ. ರಿಪೇರಿಗೆ ಕೇಳುವ ದುಡ್ಡಿನಲ್ಲಿ ಅಂಥದೇ ಇನ್ನೊಂದು ಬರುತ್ತದೆ, ಅದಕ್ಕೂ ಅದೇ ಧೂಳು ಕಾಯುತ್ತಿರುತ್ತದೆ.

ಇನ್ನು ವೀರಾಪುರ. ಚಿಲಮತ್ತೂರು ಮಂಡಲದ ಈ ಊರಿನ ಹುಣಸೆಮರಗಳಿಗೆ ಪ್ರತಿವರ್ಷ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟಿ ಮರಿಮಾಡುತ್ತವೆ, ನಮ್ಮ ಮಂಡ್ಯದ ಕೊಕ್ಕರೆ ಬೆಳ್ಳೂರಿನ ಹಾಗೆ ಮನೆಗಳ ನಡುವೆಯೇ. ಕ್ಯಾಮೆರಾ ಕೊಳ್ಳುವವರಲ್ಲಿ ಬಹಳಷ್ಟು ಜನ ಈ ಹಕ್ಕಿಗಳ ಹೆಸರು ಹೇಳಿಯೇ ಮನೆಯಲ್ಲಿ ದುಡ್ಡು ಮಂಜೂರು ಮಾಡಿಸಿಕೊಳ್ಳುವುದರಿಂದ ಈ ಪ್ರಯೋಗಕ್ಕೆ ಹೆಚ್ಚಿನ ಮಹತ್ವವಿದೆ. ನೂರು ಅಡಿ ದೂರದ ಮರದ ತುದಿಯಲ್ಲಿ ಕೂತ ಕೊಕ್ಕರೆ ನೆಟ್ಟಗೆ ನಿಂತರೆ ಮೂರಡಿ ಚಿಲ್ಲರೆ ಎತ್ತರ. ಹಳೇ ಡಿಎಸ್‌ಎಲ್‌ಆರ್ ಜೊತೆ ಬರುವ 18-55 ಲೆನ್ಸನ್ನು ಪೂರ್ತಿ ಎಳೆದು ತೆಗೆದರೂ ಹಕ್ಕಿ ಚಿತ್ರದ ಎತ್ತರದಲ್ಲಿ ಒಂಬತ್ತನೇ ಒಂದು ಭಾಗ. ಎಂಟು ಪಟ್ಟು ಜೂಮ್ ಇರುವ ಜೇಬಿನ ಕ್ಯಾಮೆರಾದಲ್ಲಿ ಅದೇ ಹಕ್ಕಿ ನಾಲ್ಕನೇ ಒಂದು ಭಾಗಕ್ಕೂ ಮೇಲೆ. ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಬೋಳುಮುಖ, ಬಾಲದ ಬಳಿಯ ಗುಲಾಬಿ ಗರಿ ಎಲ್ಲ ಗುರುತು ಹಿಡಿಯಬಹುದು. ಡಿಎಸ್‌ಎಲ್‌ಆರ್‌ನಲ್ಲಿ ಇಷ್ಟು ಕಾಣಬೇಕಾದರೆ ಉದ್ದನೆಯ ಲೆನ್ಸು ಬೇಕು, ಅದರ ಬೆಲೆ ಕ್ಯಾಮೆರಾವನ್ನು ಮೀರಿಸುತ್ತದೆ. ಸಂಕ್ಷೇಪವಾಗಿ, ಡಿಎಸ್‌ಎಲ್‌ಆರ್‌ನಲ್ಲಿ ಹಕ್ಕಿ ಚಿಕ್ಕದು, ಫೋಟೊಗ್ರಾಫರ್ ದೊಡ್ಡವನು. ಜೇಬಿನದರಲ್ಲಿ ಹಕ್ಕಿ ದೊಡ್ಡದು, ತೆಗೆದವನನ್ನು ಕೊಕ್ಕರೆಯೂ ಗಮನಿಸುವುದಿಲ್ಲ. ಡಿಎಸ್‌ಎಲ್‌ಆರ್ ಪರವಾಗಿ ಒಂದು ಮಾತು: ಸೆನ್ಸರಿನ ಧೂಳಿನ ಚುಕ್ಕೆಗಳಿಂದಾಗಿ ಅದರ ಆಕಾಶದಲ್ಲಿ ಯಾವಾಗಲೂ ನಾಲ್ಕೈದು ಹಕ್ಕಿ ಹೆಚ್ಚಿಗೇ ಹಾರುತ್ತಿರುತ್ತವೆ.

ಈ ಕೊಕ್ಕರೆಗಳು ಸೈಬೀರಿಯಾದಿಂದ ಬರುತ್ತವೆ ಎಂದು ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಬೋರ್ಡಿನಲ್ಲೂ ಭಾಷಣದಲ್ಲೂ ಅದೇ. ಬಣ್ಣದ ಕೊಕ್ಕರೆ ಹಿಮಾಲಯದ ಆಚೆ ವಾಸವೇ ಇಲ್ಲದ ಹಕ್ಕಿ. ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾದ ಕಡೆಯ ಕೆರೆ ಹೊಳೆಗಳಲ್ಲೇ ನೀರು, ಮೀನು ನೋಡಿಕೊಂಡು ಓಡಾಡುತ್ತದೆ. ನಿಜವಾಗಿ ಸೈಬೀರಿಯಾದಿಂದ ಬರುತ್ತಿದ್ದುದು ಸೈಬೀರಿಯನ್ ಕೊಕ್ಕರೆ ಎಂದು ಕರೆಯುವ ಬಿಳಿ ಕ್ರೌಂಚ, ಅದೂ ರಾಜಸ್ಥಾನದ ಭರತಪುರಕ್ಕೆ. 2002ರ ಈಚೆಗೆ ಅಲ್ಲೂ ಕಾಣಿಸಿಲ್ಲ. ಆದರೂ ನಾನು ಈ ವಿಷಯದಲ್ಲಿ ಊರಿನವರ ಮನಸ್ಸು ನೋಯಿಸುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಸೀಮೆಗೆ ಯಾರಾದರೂ ತಾವಾಗಿ ಬಂದು ಸಂಸಾರ ಹೂಡುತ್ತಾರೆಂದರೆ ಅವರು ಬಹಳ ದೂರದವರೇ, ಇಲ್ಲಿಯ ವಿಚಾರ ಗೊತ್ತಿಲ್ಲದವರೇ ಆಗಿರಬೇಕು ಎಂಬ ಊಹೆ ತರ್ಕಬದ್ಧವಾಗಿದೆ. ಹಕ್ಕಿಯ ಪಾಸ್‌ಪೋರ್ಟ್ ಎರಡೂ ಕ್ಯಾಮೆರಾದಲ್ಲಿ ಮೂಡುವುದಿಲ್ಲ.

ಹಕ್ಕಿ ತೆಗೆಯುವವರ ವೇಗದ ಬಗ್ಗೆಯೂ ಹೇಳಬೇಕು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಳ ಹಿಂದೆ ಬಿದ್ದಿದ್ದ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ಡಿ90 ಸೆಕೆಂಡಿಗೆ ನಾಲ್ಕೂವರೆ ಚಿತ್ರ ಹೊಡೆಯುತ್ತದೆ, ಅಂದರೆ ಆ ಇಡೀ ರೀಲು ಎಂಟು ಸೆಕೆಂಡಿಗೆ ಖಾಲಿ. ಒಂದು ಭಾನುವಾರ ಹುಣಸೆಮರದ ಕೆಳಗೆ ಕಳೆದವನು ಒಂದೇ ಕೊಕ್ಕರೆಯ ಸಾವಿರ ಬೆನ್ನು ಹೊತ್ತು ತರುತ್ತಾನೆ. ಒಂದು ಚಾರ್ಜಿಗೆ ಡಿ90ಯಲ್ಲಿ 850 ಚಿತ್ರ ಬರುತ್ತವೆಂದು ಕಂಪನಿಯೇ ಹೇಳಿದ್ದರಿಂದ ತಡೆಯುವವರೂ ಇಲ್ಲ. ಇಕ್ಸಸ್ ಇನ್ನೂರು ಚಿಲ್ಲರೆಗೆ ಕೈಯೆತ್ತುತ್ತದೆ, ಈ ಒಂದು ಕಾರಣಕ್ಕೇ ಮನೆಯವರು ಅದನ್ನು ಇಷ್ಟಪಡುತ್ತಾರೆ.

ಜೇಬಿನದನ್ನು ಕೊಳ್ಳುವವರಿಗೆ ಎರಡು ಎಚ್ಚರಿಕೆ. ಒಂದು, ಕಾರ್ಡು ಯಾವುದು ಎಂದು ಕೇಳಿ. ಇಪ್ಪತ್ತು ವರ್ಷದ ಹಿಂದಿನ ಕೆಲವಕ್ಕೆ ಎಕ್ಸ್‌ಡಿ ಕಾರ್ಡು, ಕೆಲವಕ್ಕೆ ಮೆಮೊರಿ ಸ್ಟಿಕ್ ಬೇಕು. ಅವನ್ನು ನಮ್ಮ ಕಡೆಯ ಅಂಗಡಿಯಲ್ಲಿ ಕೇಳಿದರೆ ಮೆಡಿಕಲ್ ಸ್ಟೋರ್ ಪಕ್ಕದಲ್ಲಿದೆ ಎಂದು ಕಳಿಸುತ್ತಾರೆ. ಬೆಂಗಳೂರಿನ ಹುಡುಗ ಹುಡುಗಿಯರು ಹಳೇ ಜೇಬಿನ ಕ್ಯಾಮೆರಾಗಳನ್ನು ಫ್ಯಾಷನ್ ಎಂದು ಹುಡುಕಿ ಕೊಳ್ಳಲು ಶುರುಮಾಡಿದ ಮೇಲೆ ಅವುಗಳ ಬೆಲೆಯೂ ಮೊದಲಿನಂತಿಲ್ಲ. ಎರಡು, ತಾರೀಖು. ಬ್ಯಾಟರಿ ತೆಗೆದಿಟ್ಟ ಹಳೇ ಕ್ಯಾಮೆರಾದ ಗಡಿಯಾರ ಹಿಂದಕ್ಕೆ ಓಡಿ ತಾನು ಹುಟ್ಟಿದ ವರ್ಷದ ಜನವರಿ 1ಕ್ಕೆ ನಿಂತಿರುತ್ತದೆ, ಮೂಲೆಯಲ್ಲಿ ಅದೇ ತಾರೀಖನ್ನು ಕಿತ್ತಳೆ ಬಣ್ಣದಲ್ಲಿ ಅಚ್ಚೊತ್ತುತ್ತದೆ. ಮದುವೆ ಫೋಟೊ ಬಾಡಿಗೆಗೆ ಕರೆಸಿದ ಡಿಎಸ್‌ಎಲ್‌ಆರ್‌ನಲ್ಲಿ, ನಾಮಕರಣದ್ದು ಮನೆಯ ಜೇಬಿನದರಲ್ಲಿ ತೆಗೆಸಿದ ಒಂದು ಸಂಸಾರದ ಆಲ್ಬಮ್ಮಿನಲ್ಲಿ ಮಗು ತಂದೆತಾಯಿಯ ಮದುವೆಗಿಂತ ಹನ್ನೆರಡು ವರ್ಷ ಮೊದಲೇ ತೊಟ್ಟಿಲಲ್ಲಿದೆ. ಬೀಗರು ಬಂದಾಗ ಆ ಆಲ್ಬಮ್ ತೆಗೆಯುವುದಿಲ್ಲ.

ಇಷ್ಟೆಲ್ಲ ಪರಿಶೀಲಿಸಿದ ಮೇಲೆ ನನ್ನ ತೀರ್ಪು: ಗುಡಿಯ ಚಾವಣಿ, ಮದುವೆ ಮಂಟಪ, ರಸ್ತೆಯ ಹಳ್ಳ ಇದ್ದವರು ಹಳೇ ಡಿಎಸ್‌ಎಲ್‌ಆರ್ ಕೊಳ್ಳಿ. ಕೊಕ್ಕರೆ, ತೂಗುಕಂಬ, ಸ್ವಂತ ಹೆಂಡತಿ ಮಕ್ಕಳು ಇದ್ದವರು ಜೇಬಿನದು ಕೊಳ್ಳಿ. ಎರಡೂ ಕಡೆ ಬರುವವರು ಭಾವಮೈದನಿಗೆ ಒಂದನ್ನು ಕೊಡಿಸಿ. ಖುದ್ದಾಗಿ ಸಲಹೆ ಬೇಕಾದವರು ಕ್ಯಾಮೆರಾವನ್ನು ಬ್ಯಾಟರಿ ಚಾರ್ಜ್ ಮಾಡಿ, ಕಾರ್ಡು ಹಾಕಿಕೊಂಡು, ತಾರೀಖು ಸರಿಮಾಡಿಕೊಂಡು ತನ್ನಿ. ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ರೇಷನ್ ಕಾರ್ಡಿಗೆ ಕೊಡಬೇಕಾದ ನನ್ನದೊಂದು ಪಾಸ್‌ಪೋರ್ಟ್ ಅಳತೆಯ ಫೋಟೊ ಬಹಳ ದಿನದಿಂದ ಬಾಕಿ ಇದೆ.